ಗೊಂಬೆಗೆ ದನಿ ಕೊಟ್ಟವರು

ಶುಶ್ರೂಷಾ ಶಿಕ್ಷಣದಲ್ಲಿ ಹೊಸ ತಂತ್ರಜ್ಞಾನದ ಮಾತು ಬಂದಾಗಲೆಲ್ಲ ಯಂತ್ರ ಕೊಂಡವರ ಹೆಸರು ಗೋಡೆಯ ಕಲ್ಲಿಗೆ ಏರುತ್ತದೆ. ಯಂತ್ರದಿಂದ ಪಾಠ ಹೇಳಿದವರ ಹೆಸರು ಎತ್ತಂಗಡಿಯ ಆದೇಶದಲ್ಲಿ ಮಾತ್ರ ಕಾಣುತ್ತದೆ. ಈ ಎರಡನೆಯ ಸಾಲಿಗೆ ಸೇರಿದವರು ನಮ್ಮ ಗುರುಗಳು, ಹೆರಿಗೆ ಶುಶ್ರೂಷೆಯ ಪ್ರಾಧ್ಯಾಪಕಿ, ಮೂರು ತಲೆಮಾರಿನ ನರ್ಸುಗಳ ಬಾಯಲ್ಲಿ ‘ಗೊಂಬೆ ಮೇಡಂ’. ಈ ತಿಂಗಳು ಅವರು ನಿವೃತ್ತರಾಗಿದ್ದಾರೆ. ಅವರಿಗೆ ಮೀಸಲಾದ ಈ ಪುಟಗಳಲ್ಲಿ ಸಿಹಿಯನ್ನಷ್ಟೇ ಬಡಿಸಿದರೆ ಅದು ಅಭಿನಂದನೆಯಲ್ಲ, ಅವಮಾನ.

ನಾವು ಓದುವ ಕಾಲಕ್ಕೆ ಕಾಲೇಜಿನಲ್ಲಿದ್ದದ್ದು ಬಿರುಕು ಬಿಟ್ಟ ಒಂದು ಪ್ಲಾಸ್ಟಿಕ್ ಸೊಂಟ, ಒಂದು ಬಟ್ಟೆಯ ಮಗು. ಅಷ್ಟರಲ್ಲೇ ಮೇಡಂ ಹೆರಿಗೆಯ ಒಂದೊಂದು ಹಂತವನ್ನೂ ನಮ್ಮ ಬೆರಳಿಗೆ ಕಲಿಸಿದರು. ಮೊದಲ ಹೆರಿಗೆ ನೋಡಿ ತಲೆ ತಿರುಗಿ ಬಿದ್ದ ನನ್ನ ಗೆಳತಿಯನ್ನು ಬೇರೆಯವರಾಗಿದ್ದರೆ ಮನೆಗೆ ಅಟ್ಟುತ್ತಿದ್ದರು. ಮೇಡಂ ಮರುದಿನ ಅವಳನ್ನು ಕರೆದು, “ಇವತ್ತು ನಿನಗೆ ಬೇರೆ ಕೆಲಸ ಇಲ್ಲಮ್ಮ. ಆ ತಾಯಿ ಕೈ ಹಿಡ್ಕೊಂಡು ನಿಂತ್ಕೋ. ಅವಳು ಬಿಡೋವರೆಗೂ ನೀನು ಬಿಡಬೇಡ” ಎಂದರು. ಗೆಳತಿ ಓದು ಬಿಡಲಿಲ್ಲ; ಇಂದು ಒಂದು ಹೆರಿಗೆ ಕೋಣೆಯನ್ನು ಒಬ್ಬಳೇ ನಡೆಸುತ್ತಿದ್ದಾಳೆ.

ಆದರೆ ನಮ್ಮ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಬೇರೆಯೇ ಪಾಠ ನಡೆಯುತ್ತಿತ್ತು. ಅಲ್ಲಿಗೆ ಬರುತ್ತಿದ್ದವರೆಲ್ಲ ಬೇರೆಲ್ಲೂ ಹೋಗಲಾರದ ಬಡ ಹೆಂಗಸರು. ಅವರಿಗೆ ಮದ್ದಿಗಿಂತ ಮೊದಲು ಬೈಗುಳ ಸಿಗುತ್ತಿತ್ತು, ಕೆಲವೊಮ್ಮೆ ತೊಡೆಗೆ ಏಟು. ತರಗತಿಯಲ್ಲಿ ಕಲಿತ ಮರ್ಯಾದೆಯನ್ನು ಹುಡುಗಿಯರು ವಾರ್ಡಿನಲ್ಲಿ ವಾರದೊಳಗೆ ಮರೆಯುತ್ತಿದ್ದರು. ಮೇಡಂಗೆ ಇದ್ದದ್ದು ಅದೊಂದೇ ಕೊರಗು, ಅದೊಂದೇ ಹಟ.

ಮುಂದೆ ಕಾಲೇಜಿನ ಅಣಕು ವಾರ್ಡಿಗೆ, ಅಂದರೆ ಸಿಮ್ಯುಲೇಷನ್ ಲ್ಯಾಬಿಗೆ, ಕಣ್ಣು ಮಿಟುಕಿಸುವ, ರಕ್ತ ಸುರಿಸುವ, ಹೆರುವ ಗೊಂಬೆ ಬಂತು. ಗಾಜಿನಾಚೆಯ ಕೋಣೆಯಲ್ಲಿ ಕುಳಿತು ಮೈಕಿನಲ್ಲಿ ಮಾತಾಡಿದರೆ ಅದು ಗೊಂಬೆಯ ಗಂಟಲಿನಿಂದ ಹೊರಡುತ್ತಿತ್ತು. ಕ್ಯಾಮೆರಾ ಎಲ್ಲವನ್ನೂ ಹಿಡಿಯುತ್ತಿತ್ತು. ಕೊನೆಗೆ ಎಲ್ಲರೂ ಕುಳಿತು ವಿಡಿಯೊ ನೋಡಿ ತಮ್ಮ ತಪ್ಪನ್ನು ತಾವೇ ಹೇಳಬೇಕಿತ್ತು. ಮೇಡಂ ಆ ಮೈಕಿನಲ್ಲಿ ವಾರ್ಡಿನ ಹೆಂಗಸರಾದರು. ಚುಚ್ಚುಮದ್ದು ಸರಿಯಾಗಿ ಕೊಟ್ಟು, ಹೆಸರು ಕೇಳದೆ ಹೋದವಳು ಮತ್ತೆ ಮೊದಲಿನಿಂದ ಶುರು ಮಾಡಬೇಕಿತ್ತು.

ತಪಾಸಣೆಗೆ ದೊಡ್ಡವರು ಬಂದ ದಿನ ಹೆರಿಗೆ ವಿಭಾಗದ ಮುಖ್ಯಸ್ಥರಾದ ವೈದ್ಯರೇ ಗೊಂಬೆಯ ಹೆರಿಗೆ ಮಾಡಿಸಿ ತೋರಿಸಲು ಗ್ಲೌಸ್ ತೊಟ್ಟು ಮುಂದೆ ಬಂದರು. ಮಾತಿಲ್ಲದೆ ಹೊದಿಕೆ ಸರಿಸಿದರು.

“ಯಾರಪ್ಪಾ ನೀವು? ಒಂದು ಮಾತು ಹೇಳಬಾರದಾ?” ಎಂದಿತು ಗೊಂಬೆ. ಅತಿಥಿಗಳು ನಕ್ಕರು, ವೈದ್ಯರೂ ನಕ್ಕು ಕೆಲಸ ಮುಂದುವರಿಸಿದರು.

“ನೋವಾಗ್ತಿದೆ, ಸ್ವಲ್ಪ ನಿಲ್ಸಿ ಡಾಕ್ಟ್ರೇ.”

ಅಭ್ಯಾಸಬಲ ನೋಡಿ. ಅವರ ಕೈ ತಾನಾಗಿಯೇ ಎದ್ದು ಗೊಂಬೆಯ ತೊಡೆಗೆ ಬಾರಿಸಿತು. “ಸುಮ್ನೆ ಬಿದ್ಕೊಳ್ಳೇ. ಬಸುರಾಗೋವಾಗ ಹಿತವಾಗಿತ್ತಲ್ಲ?”

ಯಾರೂ ನಗಲಿಲ್ಲ. ಮೇಡಂ ಹೊರಗೆ ಬಂದು, ಪ್ರತಿ ವಿದ್ಯಾರ್ಥಿನಿಗೂ ಮಾಡುತ್ತಿದ್ದಂತೆಯೇ, ವಿಡಿಯೊವನ್ನು ಪರದೆಗೆ ಹಾಕಿದರು.

“ಅದು ಗೊಂಬೆ ಕಣ್ರೀ” ಎಂದರು ವೈದ್ಯರು.

“ಹೌದು ಸರ್. ಗೊಂಬೆ ಮೇಲೇ ಇಷ್ಟು ಸಿಟ್ಟು ಬಂತಲ್ಲ.”

ಉಪಕರಣದ ದುರ್ಬಳಕೆಯ ಆರೋಪ ಹೊರಿಸಿ ಆಡಳಿತದವರು ಮೇಡಂ ಅವರನ್ನೇ ಹಾಸಿಗೆ ಬಟ್ಟೆಗಳ ಉಗ್ರಾಣಕ್ಕೆ ಅಟ್ಟಿದರು. ಜೀವಮಾನವಿಡೀ ಹೆರಿಗೆ ಕಲಿಸಿದವರು ನಿವೃತ್ತಿಯವರೆಗೂ ಹರಿದ ಹೊದಿಕೆಗಳನ್ನು ವಿಂಗಡಿಸಿದರು. ಮೈಕಿಗೆ ಬೀಗ ಬಿತ್ತು. ಈಗ ಗುಂಡಿ ಒತ್ತಿದರೆ ಗೊಂಬೆ ಕಂಪನಿಯವರು ತುಂಬಿಕೊಟ್ಟ ನರಳಾಟ ನರಳುತ್ತದೆ, ಯಾರನ್ನೂ ಏನನ್ನೂ ಕೇಳುವುದಿಲ್ಲ. ಇಂಥ ರೋಗಿಯೇ ಅವರಿಗೆ ಬೇಕಾಗಿತ್ತು. ವೈದ್ಯರಿಗೆ ಬಡ್ತಿಯೂ ಆಯಿತು. ಬೀಳ್ಕೊಡುಗೆಯಲ್ಲಿ ಪ್ರಾಂಶುಪಾಲರು ಲ್ಯಾಬಿಗೆ ಮೇಡಂ ಹೆಸರಿಡುವುದಾಗಿ ಸಾರಿದಾಗ ಮೇಡಂ ಎದ್ದು, “ಹೆಸರು ಬೇಡ ಸರ್, ಮೈಕಿನ ಬೀಗ ತೆಗೀರಿ” ಎಂದರು. ಹೆಸರಿನ ಹಲಗೆ ಸಿದ್ಧವಾಗಿದೆ. ಬೀಗ ಅಲ್ಲೇ ಇದೆ.

ಮೇಡಂ ಮನೆಯಲ್ಲಿ ಕುಳಿತಿಲ್ಲ. ಸೈಕಲ್ ಅಂಗಡಿಯ ಮೇಲಿನ ನಮ್ಮ ನರ್ಸುಗಳ ಸಂಘದ ಕೋಣೆಗೆ ಭಾನುವಾರ ಬಸುರಿಯರು ಬರುತ್ತಾರೆ. ಅಲ್ಲಿ ಮೇಡಂ ವೈದ್ಯರಾಗುತ್ತಾರೆ, ಗದರುತ್ತಾರೆ. ಹೆಂಗಸರು ಉತ್ತರ ಕೊಡಲು ಕಲಿಯುತ್ತಾರೆ. ಕಳೆದ ವಾರ ಬಟ್ಟೆ ಹೊಲಿಯುವ ಒಬ್ಬಾಕೆ, ಎರಡು ಸಲ ತಲೆ ತಗ್ಗಿಸಿದವಳು, ಮೂರನೆಯ ಸಲ ಗೋಡೆ ನೋಡಿಕೊಂಡು ಹೇಳಿದಳು: “ಏನು ಮಾಡ್ತೀರಂತ ಹೇಳಿ, ಆಮೇಲೆ ಮುಟ್ಟಿ.”

“ಜೋರಾಗಿ ಹೇಳು ತಾಯಿ, ದೊಡ್ಡವರಿಗೆ ಕಿವಿ ಮಂದ” ಎಂದರು ಮೇಡಂ. ಕೋಣೆಯೆಲ್ಲ ನಕ್ಕಿತು. ಆಕೆ ಜೋರಾಗಿ ಹೇಳಿದಳು.

ಮೇಡಂ ದೀರ್ಘಾಯುಷಿಗಳಾಗಲಿ, ಅವರ ಗಂಟಲು ಗಟ್ಟಿಯಿರಲಿ, ಆ ಕೋಣೆಯಲ್ಲಿ ಕೂರಲು ಜಾಗ ಸಾಲದಂತಾಗಲಿ. ಆ ಹೆಂಗಸಿಗೆ ಬರುವ ತಿಂಗಳು ದಿನ ತುಂಬುತ್ತದೆ. ಅವಳು ಹೋಗಬೇಕಾದದ್ದು ಅದೇ ವಾರ್ಡಿಗೆ.