ದರ್ಜಿ ಕಾಕಾ ಕುಡಿದಿರಲಿಲ್ಲ

ಮೊನ್ನೆ ಕೆಮ್ಮಿಗೆಂದು ತಂದ ದ್ರಾಕ್ಷಾರಿಷ್ಟದ ಮುಚ್ಚಳ ತೆಗೆದೆ. ಆ ಹುಳಿ ಹುಳಿ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಮಾನ್ವಿಯ ನಮ್ಮ ಓಣಿಯ ದರ್ಜಿ ಕಾಕಾ ಕಣ್ಮುಂದೆ ಬಂದರು. ಜೊತೆಗೆ ಹಳೆಯ ಸಿಟ್ಟೂ ಬಂತು...

ಎಪ್ಪತ್ತರ ದಶಕದ ಕೊನೆ. ನಾನು ಮದುವೆಯಾಗಿ ಆ ಓಣಿಗೆ ಹೊಸದಾಗಿ ಬಂದಿದ್ದೆ. ಕಾಕಾ ಒಂದು ಕಾಲಕ್ಕೆ ಸೇಂದಿ ಅಂಗಡಿ ತೆರೆಯುವ ಮೊದಲೇ ಹೋಗಿ ಕೂರುತ್ತಿದ್ದವರು. ರಾಯಚೂರಿನ ಡಾಕ್ಟರೊಬ್ಬರು ಅವರಿಗೆ ಕುಡಿತ ಬಿಡಿಸುವ ಗುಳಿಗೆ ಬರೆದುಕೊಟ್ಟಿದ್ದರು. ಅದನ್ನು ನುಂಗಿದ ಮೇಲೆ ಒಂದು ಗುಟುಕು ಕುಡಿದರೂ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗುತ್ತದೆ. ಕೆಲವು ಮನೆಗಳಲ್ಲಿ ಗಂಡನಿಗೆ ಗೊತ್ತಾಗದಂತೆ ಅದನ್ನು ಸಾರಿನಲ್ಲಿ ಬೆರೆಸುತ್ತಿದ್ದರಂತೆ. ಕಾಕಾ ಮಾತ್ರ ದಿನಾ ಬೆಳಿಗ್ಗೆ ಅಂಗಡಿಯ ಕಟ್ಟೆ ಮೇಲೆ ನಿಂತು, ಹಳೆಯ ಗೆಳೆಯರ ಎದುರೇ ನುಂಗುತ್ತಿದ್ದರು. ಅವರು ನಕ್ಕರೆ, "ನಗ್ರಿ, ನಗ್ರಿ. ನಿಮಗೂ ಒಂದು ಕೊಡ್ಲೇನು?" ಎಂದು ಮಷೀನಿಗೆ ಕೂರುತ್ತಿದ್ದರು.

ಚಳಿಗಾಲದಲ್ಲಿ ದೇವದುರ್ಗದಿಂದ ಕಾಕಾರ ಹೆಂಡತಿ ಕಾಕುವಿನ ಅಣ್ಣ ಬಂದರು. ಇನ್ನೊಮ್ಮೆ ಕುಡಿದರೆ ತಂಗಿಯನ್ನು ಕರೆದೊಯ್ಯುತ್ತೇನೆಂದು ಮೊದಲೇ ಹೇಳಿಟ್ಟವರು ಅವರು. ಭಾವ ಸೊರಗಿದ್ದಾನೆಂದು ಅರಿಷ್ಟದ ಬಾಟಲಿ ತಂದು, ಊಟದ ಮೇಲೆ ತಾವೇ ಕುಡಿಸಿದರು. ಹುದುಗು ಬರಿಸಿ ಮಾಡುವ ಔಷಧದಲ್ಲೂ ಮದ್ಯದ ಅಂಶ ಇರುತ್ತದೆಂದು ಯಾರಿಗೂ ಹೊಳೆಯಲಿಲ್ಲ. ಸ್ವಲ್ಪ ಹೊತ್ತಿಗೆ ಕಾಕಾರ ಮುಖ ಕೆಂಪಾಯಿತು. ಅಂಗಳದಲ್ಲಿ ಕುಸಿದು ಕೂತು ಕಾರಿಕೊಂಡರು. ಓಣಿಯ ಜನ ಸೇರಿತು.

"ಈತ ಕದ್ದು ಕುಡ್ದಾನ. ಗುಳಿಗಿ ಸುಳ್ಳು ಹೇಳ್ತದೇನು? ಏಳವ್ವ, ಅರಿವಿ ಗಂಟು ಕಟ್ಟು," ಎಂದರು ಅಣ್ಣ.

ಕಾಕಾ ಗೋಡೆ ಹಿಡಿದು ಎದ್ದರು. "ನಿಮ್ಮ ಔಷಧ ಬಿಟ್ರ ನಾ ಏನೂ ಕುಡ್ದಿಲ್ಲ. ತರ್ರಿ ಆ ಬಾಟ್ಲಿ. ಎಲ್ಲಾರ ಮುಂದ ಮತ್ತ ಕುಡೀತೀನಿ, ಏನಾಗ್ತದ ನೋಡ್ರಿ."

ಅಷ್ಟರಲ್ಲಿ ಕಾಕು ಬಾಟಲಿ ಕಸಿದುಕೊಂಡು, ಮೂಸಿ ನೋಡಿ, ಪೂರಾ ಬಚ್ಚಲಿಗೆ ಸುರಿದಳು. "ಮುಂಜಾನಿಂದ ಇವ್ರು ನನ್ನ ಕಣ್ಣ ಮುಂದ ಹೊಲಿಯಾಕತ್ತಾರ. ನಾ ಬರಂಗಿಲ್ಲಣ್ಣಾ. ನೀ ಬಸ್ಸು ಹಿಡಿ."

ಆಮೇಲೆ ರಾಯಚೂರಿನ ಡಾಕ್ಟರು ಅರಿಷ್ಟದ ಹೆಸರು ಕೇಳಿದ್ದೇ ಹಣೆ ಚಚ್ಚಿಕೊಂಡರಂತೆ. ಆದರೆ ಓಣಿಗೆ ಡಾಕ್ಟರ ಮಾತು ಬೇಕಿರಲಿಲ್ಲ, ಕದ್ದು ಕುಡಿದರೆಂದೇ ಆಡಿಕೊಂಡಿತು. ಕಾಕಾ ಮಾತ್ರ ಮರುದಿನವೇ ಮತ್ತೆ ಕಟ್ಟೆ ಏರಿ ಗುಳಿಗೆ ನುಂಗಿದ್ದರು, ಎಂದಿಗಿಂತ ತುಸು ಹೆಚ್ಚೇ ಎದೆ ಸೆಟೆಸಿ.

ಈಗ ಕಾಕಾ ಇಲ್ಲ, ಕಾಕುವೂ ಇಲ್ಲ... ಕಾಕಾ ಹೊಲಿದ ರವಿಕೆಗಳೂ ಹರಿದುಹೋದವು. ಊರಿನವರ ಬಾಯಲ್ಲಿ ಮಾತ್ರ ಅವರಿನ್ನೂ ‘ಕುಡುಕ ದರ್ಜಿ’. ಅನ್ನುವವರು ಅನ್ನಲಿ. ಅಂದು ಆ ಅಂಗಳದಲ್ಲಿ ನಿಂತಿದ್ದವರಲ್ಲಿ ನಾನಿನ್ನೂ ಬದುಕಿದ್ದೇನೆ. ಯಾರೇ ಕೇಳಲಿ, ಕೇಳದಿರಲಿ, ಕಾಕಾ ಕುಡಿದಿರಲಿಲ್ಲ.