ಕೊಲ್ಲಮೊಗ್ರಿಗೆ ಒಂದು ಜೊತೆ ಶೂ

ಬೆಳಿಗ್ಗೆ ಏಳೂಕಾಲಿಗೆ ಪುತ್ತೂರು ಬಿಟ್ಟೆ. ಕಂಡಕ್ಟರ್ ಹೆಂಗಸರ ಶೂನ್ಯ ದರದ ಟಿಕೆಟ್ ಕೊಟ್ಟು, ನನ್ನ ಮಡಿಲಲ್ಲಿದ್ದ ಪೆಟ್ಟಿಗೆ ನೋಡಿ, "ಎಂತ ಅಕ್ಕ, ಕೇಕಾ? ನಮಗೊಂದು ತುಂಡು ಉಂಟಾ?" ಅಂದ. "ಶೂ" ಅಂದೆ. ಒಳಗೆ ಎಲ್ಲೂ ಹೊಲಿಗೆ ತಾಗದ ಹಾಗೆ ಹೇಳಿ ಮಾಡಿಸಿದ್ದು. ತಂಗಿ ಹೇಮಾಳ ಮಗಳು, ಆರು ವರ್ಷದ ಚಿನ್ಮಯಿಗೆ.

ಚಿನ್ಮಯಿಗೆ ನೋವು ಗೊತ್ತಾಗುವುದಿಲ್ಲ. ಹುಟ್ಟಿನಿಂದ ಬಂದ ನರದ ತೊಂದರೆ, ಬಹಳ ಅಪರೂಪದ್ದು. ಕಿವಿ ಚುಚ್ಚುವಾಗ ಅವಳು ನನ್ನ ಮಡಿಲಲ್ಲಿ ನಗುತ್ತಿದ್ದಳು. "ಎಂತ ಗಟ್ಟಿ ಮಗು" ಎಂದು ಎಲ್ಲರಿಗಿಂತ ಮೊದಲು ಹೊಗಳಿದವಳು ನಾನು. ಕಳೆದ ವರ್ಷ ಚಪ್ಪಲಿಯ ಮೊಳೆಯ ಮೇಲೆ ಇಡೀ ದಿನ ನಡೆದು, ಹಿಮ್ಮಡಿ ಕೀವುಗಟ್ಟಿ, ಶಾಲೆ ನಿಂತಿತು. ಈ ಶೂ ಸರಿಯಾದರೆ ಸೋಮವಾರದಿಂದ ಮತ್ತೆ ಶಾಲೆಗೆ ಕಳಿಸುತ್ತೇನೆ ಎಂದು ಹೇಮಾ ಹೇಳಿದ್ದಳು.

ಸುಳ್ಯದಲ್ಲಿ ಬಸ್ಸು ಬದಲಿಸುವಾಗ ಎರಡು ಬನ್ಸ್ ತಿಂದೆ. ಕೊಲ್ಲಮೊಗ್ರಿನಲ್ಲಿ ಇಳಿದು ಕಾಡಂಚಿನ ದಾರಿಯಲ್ಲಿ ಒಂದು ಕಿಲೋಮೀಟರ್ ನಡಿಗೆ. ಹಿಂದಿನ ದಿನದ ಮಳೆಗೆ ಹುಲ್ಲು ಇನ್ನೂ ಒದ್ದೆಯಿತ್ತು.

ಹೇಮಾ ಮಗಳಿಗೆ ಶೂ ಹಾಕಿ ಅಂಗಳದಲ್ಲಿ ಇಪ್ಪತ್ತು ಸುತ್ತು ನಡೆಸಿದಳು. ಆಮೇಲೆ ಬಿಚ್ಚಿ, ಬೆರಳುಗಳ ಸಂದಿಗೆ ಟಾರ್ಚ್ ಹಿಡಿದಳು. ಎಲ್ಲಿ ಒತ್ತುತ್ತದೆ ಎಂದು ಈ ಮಗುವನ್ನು ಕೇಳುವ ಹಾಗಿಲ್ಲ, ಚರ್ಮವೇ ಹೇಳಬೇಕು. ಎಡಗಾಲಿನ ಕಿರುಬೆರಳ ಬುಡದಲ್ಲಿ ಅಕ್ಕಿಕಾಳಿನಷ್ಟು ಕೆಂಪು.

"ಇದು ಆಗ್ಲಿಕ್ಕಿಲ್ಲ ಅಕ್ಕ."

"ಇಷ್ಟಕ್ಕೆಯಾ ಮಾರಾಯ್ತಿ?"

"ಇಷ್ಟರಿಂದಲೇ ಶುರುವಾಗುದು." ಶೂವನ್ನು ಪೆಟ್ಟಿಗೆಗೆ ಹಾಕುತ್ತಾ ಮೆಲ್ಲಗೆ ಹೇಳಿದಳು, "ಒಂದೇ ಒಂದು ಸಲ 'ಅಮ್ಮಾ, ಉರಿ' ಅಂತ ಇವಳು ಅತ್ತಿದ್ರೆ ಸಾಕಿತ್ತು."

"ಹಾಗಾದ್ರೆ ಸೋಮವಾರ ಶಾಲೆ ಇಲ್ವಾ?" ಎಂದಳು ಚಿನ್ಮಯಿ. ಅವಳು ತಲೆ ತಗ್ಗಿಸಿದವಳು ನನ್ನ ಪಾದವನ್ನೇ ನೋಡಿದಳು.

"ದೊಡ್ಡಮ್ಮ, ರಕ್ತ."

ದಾರಿಯಲ್ಲಿ ಜಿಗಣೆ ಹತ್ತಿ, ಕುಡಿದು ಬಿದ್ದುಹೋಗಿತ್ತು. ಸೀರೆಯ ಅಂಚು ನೆನೆದಿತ್ತು.

"ನಿಮಗೆ ಗೊತ್ತೇ ಆಗ್ಲಿಲ್ವಾ?"

"ಇಲ್ಲ ಮಗಾ."

ಅವಳು ಸರಿದು ನನಗೆ ಒತ್ತಿಕೊಂಡು ಕೂತಳು. "ನಿಮಗೂ ನನ್ನ ಹಾಗೆಯಾ?"

ಜಿಗಣೆ ಕಚ್ಚಿದ್ದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ, "ಒಂದೊಂದು ಸಲ" ಎಂದಷ್ಟೇ ಹೇಳಿದೆ. ಹೇಮಾ ಅತ್ತ ತಿರುಗಿದಳು. ಚಿನ್ಮಯಿ ಟಾರ್ಚ್ ತೆಗೆದುಕೊಂಡು ನನ್ನ ಎರಡೂ ಕಾಲುಗಳನ್ನು ಬೆರಳು ಬೆರಳಾಗಿ ಪರೀಕ್ಷಿಸಿದಳು. ಯಾವ ಡಾಕ್ಟರೂ ನನ್ನನ್ನು ಅಷ್ಟು ನಿಧಾನವಾಗಿ ನೋಡಿಲ್ಲ.

ನಾಲ್ಕು ಗಂಟೆಯ ಬಸ್ಸಿಗೆ ಅಮ್ಮ ಮಗಳು ರಸ್ತೆಯವರೆಗೆ ಬಂದರು. ಕಿರುಬೆರಳ ಜಾಗ ಸಡಿಲ ಮಾಡಿಸಿ ತರುತ್ತೇನೆಂದು ಪೆಟ್ಟಿಗೆಯನ್ನು ಮತ್ತೆ ಮಡಿಲಲ್ಲಿಟ್ಟುಕೊಂಡೆ. ಬಸ್ಸು ಹೊರಟಾಗ ಚಿನ್ಮಯಿ ಕಿಟಕಿಯ ಪಕ್ಕದಲ್ಲೇ ನಾಲ್ಕು ಹೆಜ್ಜೆ ನಡೆದು ಬಂದಳು.

"ಮನೆಗೆ ಹೋಗಿ ಇನ್ನೊಮ್ಮೆ ಕಾಲು ನೋಡ್ಬೇಕು ದೊಡ್ಡಮ್ಮ. ನಾವು ನೋಡದೆ ಮಲಗ್ಲಿಕ್ಕಿಲ್ಲ."