ಕಂಬ ಹಿಡಿಯದ ಕಂಡಕ್ಟರಮ್ಮ

ಓಡುವ ಬಸ್ಸಿನಲ್ಲಿ ಕಂಬ ಹಿಡಿದು ಟಿಕೆಟ್ ಕೊಡುವವರನ್ನು ಚಾಮುಂಡೇಶ್ವರಿ ಕಂಡಕ್ಟರೆಂದು ಒಪ್ಪುತ್ತಲೇ ಇರಲಿಲ್ಲ. ಶ್ರೀರಾಂಪುರದ ಸಿಟಿ ಬಸ್ಸಿನಲ್ಲಿ ಹದಿನೇಳು ವರ್ಷದಿಂದ ಅವಳದು ಒಂದೇ ಠೀವಿ. ಎಡಗೈಯಲ್ಲಿ ಟಿಕೆಟ್ ಮಷೀನು, ಬಲಗೈಯಲ್ಲಿ ಚಿಲ್ಲರೆ. ಕಾಲು ಅಗಲಿಸಿ ನಿಂತಳೆಂದರೆ ಡ್ರೈವರ್ ಎಂಥ ಬ್ರೇಕ್ ಹಾಕಿದರೂ ಜಗ್ಗುವವಳಲ್ಲ. ಅಂಥವಳ ಸೊಂಟ ಒಂದು ಬೆಳಿಗ್ಗೆ ನೀರಿನ ಬಿಂದಿಗೆ ಎತ್ತುವಾಗ ಕೈಕೊಟ್ಟಿತು. ಡಿಸ್ಕ್ ಜರುಗಿದೆ ಎಂದರು ಡಾಕ್ಟರು. ಎರಡು ತಿಂಗಳ ರಜೆ, ಸೊಂಟಕ್ಕೊಂದು ಅಗಲವಾದ ಬೆಲ್ಟು. ಮಂಡಿ ಮೊಹಲ್ಲಾದ ಈರುಳ್ಳಿ ಮಂಡಿಯಲ್ಲಿ ಗುಮಾಸ್ತನಾದ ಗಂಡ ಚೆಲುವರಾಜು ಅದನ್ನು ನೋಡಿ, "ಮದ್ವೆಲಿ ಡಾಬು ಮಾಡ್ಸಿಲ್ಲ ಅಂತಿದ್ದೆ, ಈಗ ಬಂತಲ್ಲ" ಎಂದು ಹಲ್ಲುಕಿರಿದ. ಅವಳಿಗೂ ನಗು ಬಂತು, ಆದರೆ ನಕ್ಕರೆ ಬೆನ್ನು ಹಿಡಿದುಕೊಳ್ಳುತ್ತಿತ್ತು.

ರಜೆ ಮುಗಿಸಿ ಹೋದ ಮೊದಲ ದಿನವೇ, ಅಗ್ರಹಾರದ ತಿರುವಿನಲ್ಲಿ ಎರಡೂ ಕೈಯಿಂದ ಕಂಬ ತಬ್ಬಿಕೊಂಡಳು. ಸುದ್ದಿ ಡಿಪೋದ ಮೇಲಧಿಕಾರಿ ಏಕಾಂತಯ್ಯನವರಿಗೆ ಮುಟ್ಟಿತು. ಅವರು ಒಳ್ಳೆಯವರು, ಅದೇ ತೊಂದರೆ.

"ಆಫೀಸಲ್ಲಿ ಕುರ್ಚಿ ಖಾಲಿ ಇದೆ ಕಣಮ್ಮ. ಆರಾಮಾಗಿ ಕೂತ್ಕೊಂಡ್ ಕೆಲ್ಸ ಮಾಡಿ."

"ಒಂದ್ಸಲ ಕೂತ್ರೆ ನಾನ್ ಮತ್ತೆ ಎದ್ದೇಳಲ್ಲ ಸಾರ್. ಇನ್ನೂ ಮೂರ್ ತಿಂಗ್ಳು ರಜ ಕೊಡಿ. ಆಗ್ಲೂ ಆಗ್ಲಿಲ್ಲ ಅಂದ್ರೆ ನೀವೇಳಿದ್ ಕಡೆ ಕೂರ್ತೀನಿ."

ಬೇರೆಯವರಿಗಾದರೆ ಆ ಕುರ್ಚಿ ದೊಡ್ಡ ವರ. ಇವಳಿಗೆ ಮಾತ್ರ, ತಾನು ಹೇಳಿದಂತೆ ಲೋಕ ನಡೆಯುವ ಜಾಗ ಆ ಬಸ್ಸು ಬಿಟ್ಟರೆ ಇನ್ನೊಂದಿರಲಿಲ್ಲ. "ರೈಟ್" ಎಂದರೆ ಹೊರಡುತ್ತಿತ್ತು, "ಹೋಲ್ಡಾನ್" ಎಂದರೆ ನಿಲ್ಲುತ್ತಿತ್ತು. ಮನೆಯಲ್ಲಿ ಹಾಗೆ ಯಾರು ಕೇಳುತ್ತಾರೆ?

ಲಕ್ಷ್ಮೀಪುರಂನ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿ ಮಾಡುವ ಮಧುಶ್ರೀ ಮೊದಲು ಬೆಲ್ಟು ಬಿಚ್ಚಿಸಿದಳು. "ಆಂಟಿ, ನಿಮ್ ಬೆನ್ನು ಹಿಡ್ಕೊಳ್ಬೇಕಾದ್ದು ಹೊಟ್ಟೆ. ಬೆಲ್ಟ್ ಹಾಕೀ ಹಾಕೀ ಅದು ಸೋಮಾರಿ ಆಗ್ಬಿಟ್ಟಿದೆ." ಅಂಗಾತ ಮಲಗಿ ಕೈಕಾಲು ಮೇಲೆತ್ತಬೇಕು; ಬೆನ್ನು ನೆಲ ಬಿಡದ ಹಾಗೆ ಬಲಗೈ, ಎಡಗಾಲು ಎರಡನ್ನೂ ಒಟ್ಟಿಗೆ ನಿಧಾನವಾಗಿ ಇಳಿಸಬೇಕು, ಆಮೇಲೆ ಇನ್ನೊಂದು ಜೊತೆ. ದಿನಕ್ಕೆ ಹತ್ತು ಸಲ, ಹೆಚ್ಚು ಬೇಡ.

ಚಾಮುಂಡೇಶ್ವರಿ ಹರಕೆಯ ಪ್ರದಕ್ಷಿಣೆ ಹಾಕಿ ಬೆಳೆದವಳು. ಹತ್ತಕ್ಕೇ ಫಲ ಸಿಗುವುದಾದರೆ ನೂರೆಂಟಕ್ಕೆ ಎಷ್ಟು! ಒಂದೇ ದಿನ ನೂರೆಂಟು ಮಾಡಿ ಮೂರು ದಿನ ಹಾಸಿಗೆ ಹಿಡಿದಳು. ಮಧುಶ್ರೀ ಚೆನ್ನಾಗಿ ಬೈದಳು, ಉಸಿರು ಕಟ್ಟಿಕೊಂಡು ಮಾಡಿದ್ದಕ್ಕೆ ಇನ್ನಷ್ಟು ಬೈದಳು. "ಬಾಯ್ಬಿಟ್ಟು ಏನಾದ್ರೂ ಹೇಳ್ತಾ ಮಾಡಿ ಆಂಟಿ."

ಅವಳಿಗೆ ಬಾಯಿಪಾಠವಾಗಿದ್ದುದು ಒಂದೇ, ತನ್ನ ಬಸ್ಸಿನ ಸ್ಟಾಪುಗಳ ಹೆಸರು. ಅವಳ ಮನೆಯಲ್ಲಿ ಬೆಳಗಾದರೆ ಚಾಪೆಯ ಮೇಲಿಂದ "ಅಗ್ರಹಾರ, ಬಲ್ಲಾಳ್ ಸರ್ಕಲ್, ವಿವೇಕಾನಂದನಗರ" ಎಂದು ಕೂಗು ಏಳುತ್ತಿತ್ತು. ಒಂದು ಸ್ಟಾಪಿಗೆ ಒಂದು ಕಾಲು.

"ಜಿರ್ಲೆ ಮಗುಚ್ಕೊಂಡಂಗ್ ಕಾಣ್ತೀಯ ಕಣೇ" ಎಂದ ಚೆಲುವರಾಜು.

"ಜಿರ್ಲೆ ಅಷ್ಟ್ ಸುಲಭಕ್ ಸಾಯಲ್ಲ ಕಣ್ರೀ."

ಆಮೇಲೆ ಕೈ-ಮಂಡಿ ಊರಿ ಎದುರುಬದುರು ಕೈಕಾಲು ಚಾಚುವುದು, ಗೋಡೆ ಮುಟ್ಟದೆ ಒಂಟಿಕಾಲಲ್ಲಿ ನಿಲ್ಲುವುದು. ಅಳು ಬಂದ ದಿನಗಳೂ ಇದ್ದವು. ಅತ್ತಳು, ಆದರೆ ಹತ್ತು ಮುಗಿಸಿಯೇ ಅತ್ತಳು.

ಮೂರು ತಿಂಗಳು ತುಂಬಿದ ಸೋಮವಾರ ಅವಳು ಮತ್ತೆ ಡ್ಯೂಟಿಗೆ ಬಂದಳು. ನೋಡಿಯೇಬಿಡೋಣ ಎಂದು ಏಕಾಂತಯ್ಯನವರೂ ಅದೇ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕುಳಿತರು. ಬಸ್ಸು ಕಿಕ್ಕಿರಿದಿತ್ತು. ಅಗ್ರಹಾರದ ತಿರುವು ಬರುವ ಮುಂಚೆಯೇ ಅವಳ ಕೈ ತಾನಾಗಿ ಕಂಬದತ್ತ ಹೋಯಿತು. ಬೆನ್ನು ನೋಯುತ್ತಿರಲಿಲ್ಲ. ನೋವು ಹೋಗಿ ಹೆದರಿಕೆಯೊಂದೇ ಉಳಿದಿದೆ ಎಂಬುದು ಆಗ ಅವಳಿಗೆ ತಿಳಿಯಿತು, ತನ್ನ ಮೇಲೆ ತನಗೇ ಸಿಟ್ಟು ಬಂತು. ಕೈ ಇಳಿಸಿ, ಹೊಟ್ಟೆ ಬಿಗಿ ಮಾಡಿ, ಕಾಲು ಅಗಲಿಸಿ ನಿಂತಳು.

ತಿರುವಿನಲ್ಲೇ ಆಟೋವೊಂದು ಅಡ್ಡ ಬಂತು. ಡ್ರೈವರ್ ಗಕ್ಕನೆ ಬ್ರೇಕ್ ಒತ್ತಿದ. ನಿಂತಿದ್ದವರೆಲ್ಲ ಮುಂದಕ್ಕೆ ವಾಲಿದರು. ಸೊಪ್ಪಿನ ಚೀಲದ ಅಜ್ಜಿಯೊಬ್ಬಳು ಬೀಳುತ್ತ ಬೀಳುತ್ತ ಚಾಮುಂಡೇಶ್ವರಿಯ ಸೊಂಟವನ್ನೇ ತಬ್ಬಿಕೊಂಡಳು. ಭಾರವೆಲ್ಲ ಬೆನ್ನಿನ ಮೇಲೆ ಬಿತ್ತು. ಅವಳು ಕದಲಲಿಲ್ಲ.

ಏಕಾಂತಯ್ಯ ಎದ್ದು ಬಾಗಿಲಿನತ್ತ ನಡೆದರು. "ಆ ಕುರ್ಚಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ ಕಣಮ್ಮ" ಎಂದು ಮುಂದಿನ ಸ್ಟಾಪಿನಲ್ಲಿ ಇಳಿದುಹೋದರು.

ಅಜ್ಜಿ ಇನ್ನೂ ತಬ್ಬಿಕೊಂಡೇ ಇದ್ದಳು. ಮೇಲೆ ನೋಡಿ ನಾಚಿಕೊಂಡು, "ಅಯ್ಯೋ, ಕಂಬ ಅನ್ಕೊಂಡ್ಬುಟ್ಟೆ ಕಣವ್ವ!" ಎಂದು ಕೈ ಸಡಿಲಿಸಹೋದಳು.

ಚಾಮುಂಡೇಶ್ವರಿಯ ಕಣ್ಣು ತುಂಬಿ ಬಂತು.

"ಇರ್ಲಿ, ಹಂಗೇ ಹಿಡ್ಕೊಂಡಿರಿ ಅಜ್ಜಿ. ಬೀಳಲ್ಲ."